ಕಂಬಕ್ಕೊಂದು ಪಾದ

ಉಸ್ತೊ ಯೋರ್ಮಮದನನ್ನು ಯಾರಾದರೂ ಹೊಗಳಿದರೆ ಅವನಿಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸುತ್ತಿತ್ತು. ಅದು ಬಿಂಕವೂ ಅಲ್ಲ, ವಿನಯವೂ ಅಲ್ಲ. ಬಾರ್ತಂಗ್ ಹೊಳೆಯ ಮೇಲ್ಕಣಿವೆಯಲ್ಲಿ ಅವನು ಎಬ್ಬಿಸಿದ ಮನೆಗಳು ನಲವತ್ತೆರಡು. ಯಾವ ಮನೆಗೆ ಹೋಗಿ ಜಗಲಿಯ ಮೇಲೆ ಕೂತರೂ ಸರಿ, ಚಹಾದ ಬಟ್ಟಲು ಕೈಗೆ ಬರುವ ಮೊದಲೇ ಯಾರೋ ಒಬ್ಬರು ಮೊದಲ ಕಂಬದ ಬುಡ ತಟ್ಟಿ, "ಇದು ನಮ್ಮ ಉಸ್ತೊ ಕೈಕೆಲಸ ನೋಡ್ರಪ್ಪ" ಅನ್ನುತ್ತಿದ್ದರು. ಅವನು ತನ್ನ ಉಣ್ಣೆಯ ಕಾಲುಚೀಲ ನೋಡಿಕೊಂಡು ಕೂತಿರುತ್ತಿದ್ದ. ಪಾಪ, ಸಂಕೋಚದ ಮನುಷ್ಯ ಎಂದು ಜನ ಅದಕ್ಕೂ ಮೆಚ್ಚಿಕೊಂಡರು.

ಅವರು ತಟ್ಟುತ್ತಿದ್ದದ್ದು ಕಂಬದ ಪಾದವನ್ನು. ಐದು ಕಂಬವಿಲ್ಲದೆ ನಮ್ಮಲ್ಲಿ ಮನೆಯಿಲ್ಲ. ಐದಕ್ಕೂ ಹೆಸರಿದೆ, ಎಲ್ಲಕ್ಕಿಂತ ಮೊದಲು ನಿಲ್ಲುವುದು ಪ್ರವಾದಿಯ ಹೆಸರಿನದು, ಆಮೇಲೆ ಅಲಿ, ಫಾತಿಮಾ, ಹಸನ್, ಹುಸೇನ್. ಬೇರೆ ಕಣಿವೆಗಳಲ್ಲಿ ಮೊದಲ ಕಂಬ ನೇರವಾಗಿ ಕಲ್ಲಿನ ಮೇಲೆ ನಿಲ್ಲುತ್ತದೆ. ನಮ್ಮ ಮೇಲ್ಕಣಿವೆಯಲ್ಲಿ ಮಾತ್ರ ಕಲ್ಲಿಗೂ ಕಂಬಕ್ಕೂ ನಡುವೆ ಒಂದು ಗೇಣು ಎತ್ತರದ ಜರ್ದಾಳು ಮರದ ದಿಮ್ಮಿ, ಅದರ ನಾಲ್ಕು ಮುಖದಲ್ಲೂ ಸೂರ್ಯ, ಸೂರ್ಯನ ಸುತ್ತ ಟಗರಿನ ಕೊಂಬಿನ ಸುರುಳಿ. ಹೆಣ್ಣು ಕೊಡುವವರು ಬೀಗರ ಮನೆ ನೋಡಲು ಬಂದಾಗ ಮೊದಲು ಬಗ್ಗಿ ನೋಡುವುದು ಅದನ್ನೇ.

ಆ ಪಾದ ಹೇಗೆ ಹುಟ್ಟಿತು ಅನ್ನುವುದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದು ಸುಳ್ಳು ಅನ್ನುವುದು ಇಬ್ಬರಿಗೆ ಗೊತ್ತು. ಒಬ್ಬ ಯೋರ್ಮಮದ್. ಇನ್ನೊಬ್ಬ ಅವನ ಹೆಂಡತಿಯ ತಮ್ಮ, ಅಯೋಂಬೆಕ್.

ಯೋರ್ಮಮದ್ ಬಾಚಿ ಹಿಡಿದದ್ದು ಅಪ್ಪನಿಂದ. ಒರಟು ಕೈ, ಚುರುಕು ಕಣ್ಣು, ಹುಟ್ಟಿನಿಂದಲೇ ಬಂದ ಜಂಬ. ಇಪ್ಪತ್ತೆಂಟಕ್ಕೇ ಅವನನ್ನು ಉಸ್ತೊ ಎಂದು ಕರೆಯತೊಡಗಿದರು, ಅಂದರೆ ಮನೆ ಕಟ್ಟುವ ಗುರು. ಸವ್ರಿಯನ್ನು ಮದುವೆಯಾದ ಮೇಲೆ ಅವಳ ತಮ್ಮ ಅಯೋಂಬೆಕನೂ ಗರಗಸ ಹೊತ್ತುಕೊಂಡು ಹಿಂದೆ ಬಂದ. ಮಾತು ಕಮ್ಮಿ, ನಗು ಜಾಸ್ತಿ. ಕೊಯ್ದರೆ ಹಲಗೆಯ ಮೇಲೆ ಗರಗಸದ ಗೀರು ಹುಡುಕಬೇಕು, ಅಷ್ಟು ನಯ. ಇನ್ನು ನಾಲ್ಕು ವರ್ಷ ಕಳೆದರೆ ಇವನೂ ಉಸ್ತೊ ಆಗುತ್ತಾನೆ ಎಂದು ಯೋರ್ಮಮದನೇ ನಾಲ್ಕು ಜನರ ಮುಂದೆ ಹೇಳಿದ್ದ. ಹೇಳುವಾಗ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ.

ಮದುವೆಯಾದ ನಾಲ್ಕನೆಯ ವರ್ಷ ಶರತ್ಕಾಲದಲ್ಲಿ ಯೋರ್ಮಮದ್ ಎರಡು ಮನೆ ಒಪ್ಪಿಕೊಂಡ. ಒಂದು ಊರಿನಲ್ಲೇ ಇದ್ದ ಲೋಲಬೇಗಿಂಳದು. ಅವಳ ಗಂಡ ಹಿಂದಿನ ಚಳಿಗಾಲದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತಿದ್ದ. ಅದೇ ಕುಸಿತಕ್ಕೆ ಮನೆಯೂ ಹೋಗಿತ್ತು. ಇನ್ನೊಂದು ಹೊಳೆಯ ಕೆಳಗಿನ ಊರಿನಲ್ಲಿ, ಸಾಮೂಹಿಕ ಬೇಸಾಯದ ಮುಖಂಡ ನಜರ್ಶೊನದು. ಚಳಿಗೆ ಮೊದಲು ಎರಡು ಮನೆ ಆಗುವುದಿಲ್ಲ ಎಂದು ಯಾರು ಬೇಕಾದರೂ ಹೇಳಬಹುದಿತ್ತು. ಅಯೋಂಬೆಕ್ ಹೇಳಿಯೂ ಹೇಳಿದ.

"ಭಾವ, ಎರಡು ಮನೆ ಒಟ್ಟಿಗೆ ಅಂದ್ರೆ ಲೆಕ್ಕ ತಪ್ಪಲ್ವಾ?"

"ನಿನಗೆ ತಪ್ಪುತ್ತೆ. ನನಗೆ ತಪ್ಪಲ್ಲ."

ನಮ್ಮಲ್ಲಿ ಮನೆಯನ್ನು ಅಳೆಯುವುದು ಒಡೆಯನ ಮೊಳದಿಂದ. ಉಸ್ತೊ ಮೊದಲ ದಿನ ಬಂದವನೇ ವಿಲೋ ಮರದ ಒಂದು ಹಸಿ ಕಡ್ಡಿ ಸುಲಿದು, ಒಡೆಯನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಇಟ್ಟು ಕತ್ತರಿಸಿಕೊಳ್ಳುತ್ತಾನೆ. ಕಂಬ ಆರು ಮೊಳ, ತೊಲೆ ಇಷ್ಟು ಮೊಳ, ಜಗಲಿ ಒಂದು ಮೊಳ, ಎಲ್ಲವೂ ಆ ಕೋಲಿನದೇ. ಯಾರ ಮೈ ಎಷ್ಟೋ ಅವರ ಮನೆ ಅಷ್ಟು. ಎರಡು ಮನೆ ಕೈಯಲ್ಲಿದ್ದಾಗ ಕೋಲಿಗೆ ಒಂದು ಕಚ್ಚು, ಎರಡು ಕಚ್ಚು ಎಂದು ಗುರುತು ಹಾಕಿಕೊಳ್ಳುವುದು ರೂಢಿ. ಯೋರ್ಮಮದ್ ಹಾಕಲಿಲ್ಲ. "ಕೋಲು ಕೈಗೆ ಬಂದ್ರೆ ಯಾರ ಮೊಳ ಅಂತ ನನಗೆ ಗೊತ್ತಾಗುತ್ತೆ" ಎಂದ. ಲೋಲಬೇಗಿಂ ನಮ್ಮೂರ ಗಂಡಸರಿಗಿಂತ ಎತ್ತರದ ಹೆಂಗಸು. ನಜರ್ಶೊ ದನಿಯಲ್ಲಿ ಬಹಳ ದೊಡ್ಡವನು, ನಿಂತರೆ ಗಿಡ್ಡ. ಅವನ ಮೊಳಕ್ಕೂ ಇವಳ ಮೊಳಕ್ಕೂ ಎರಡು ಬೆರಳು ವ್ಯತ್ಯಾಸ. ಆರು ಮೊಳಕ್ಕೆ ಒಂದು ಗೇಣು.

ಲೋಲಬೇಗಿಂಳ ನಾಲ್ಕು ಕಂಬ ಸರಿಯಾಗಿಯೇ ಆದವು. ಮೊದಲ ಕಂಬಕ್ಕೆ ಮಾತ್ರ ಅವಳು ಒಂದೇ ಮರ ತೋರಿಸಿದ್ದಳು. ಮದುವೆಯಾದ ವಸಂತದಲ್ಲಿ ಅವಳ ಗಂಡ ನೀರುಕಾಲುವೆಯ ದಂಡೆಯಲ್ಲಿ ನೆಟ್ಟಿದ್ದ ಪೋಪ್ಲರ್. "ಅವರಂತೂ ಈ ಮನೇಲಿ ಇರಲ್ಲ ಉಸ್ತೊ, ಅವರ ಮರನಾದ್ರೂ ನಿಲ್ಲಲಿ" ಎಂದಿದ್ದಳು. ಎಲೆ ಉದುರುವವರೆಗೆ ಕಾದು ಆ ಮರವನ್ನು ಕೊನೆಗೆ ಕಡಿದರು. ಕಂಬ ನಿಲ್ಲಿಸುವ ಹಿಂದಿನ ದಿನ ಬೆಳಗ್ಗೆ ಯೋರ್ಮಮದ್ ನಜರ್ಶೊನ ಊರಿನಿಂದ ಓಡೋಡಿ ಬಂದ. ನಡುಪಟ್ಟಿಯಲ್ಲಿ ಸಿಕ್ಕಿಸಿದ್ದ ಕೋಲನ್ನು ಎಳೆದು ಮರದ ಮೇಲೆ ಆರು ಸಲ ಹೊರಳಿಸಿ, ಇದ್ದಿಲಿನಿಂದ ಗೆರೆ ಎಳೆದು, ಬಾಚಿ ಮಸೆಯಲು ಹೋದ. ಅಯೋಂಬೆಕ್ ಗೆರೆಯ ಮೇಲೆ ಗರಗಸ ಇಟ್ಟು ಕೊಯ್ದ. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಮರುದಿನ ಊರೆಲ್ಲ ಕೈಜೋಡಿಸಲು ಬಂತು. ಊರಿನ ಧರ್ಮಗುರು ಖಲೀಫ ಪ್ರಾರ್ಥನೆ ಹೇಳಿದ. ಲೋಲಬೇಗಿಂ ಕಲ್ಲಿನ ಮೇಲೆ ಒಂದು ಹಿಡಿ ಗೋಧಿ ಚೆಲ್ಲಿ, ಸುಲಿದ ಬಿಳೀ ಮರಕ್ಕೆ ಕೆನ್ನೆ ಒತ್ತಿ ನಿಂತಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ. ಆಮೇಲೆ ಎಂಟು ಜನ ಎತ್ತಿ ಕಂಬ ನಿಲ್ಲಿಸಿದರು. ಹೀಗೆ ಒಮ್ಮೆ ನಿಂತ ಮೊದಲ ಕಂಬವನ್ನು ಮತ್ತೆ ಮಲಗಿಸುವ ಹಾಗಿಲ್ಲ. ಮಲಗಿಸಿದರೆ ಆ ಮನೆಯಿಂದ ಇನ್ನೊಂದು ಹೆಣ ಹೋಗುತ್ತದೆ ಎಂಬ ಭಯ. ಎಲ್ಲರೂ ಮುಬಾರಕ್ ಹೇಳಿಕೊಂಡು ಎರಡನೆಯ ಕಂಬ ನಿಲ್ಲಿಸಿದರು.

ಎರಡನೆಯದು ಒಂದು ಗೇಣು ಎತ್ತರಕ್ಕೆ ನಿಂತಿತು.

ಕೆಲವರು ನೆಲ ನೋಡಿದರು, ನೆಲ ಸಮವಾಗಿಯೇ ಇತ್ತು. ಯೋರ್ಮಮದನ ಕೈ ತಾನಾಗಿ ನಡುಪಟ್ಟಿಗೆ ಹೋಯಿತು. ಕೋಲು ಸಿಕ್ಕಿತು. ಬೆರಳಲ್ಲಿ ಹಿಡಿದ ತಕ್ಷಣ ಅದು ಯಾರ ಮೊಳ ಎಂದು ಗೊತ್ತಾಯಿತು. ಅವನು ಕೊಚ್ಚಿಕೊಂಡಿದ್ದು ಸುಳ್ಳಾಗಲಿಲ್ಲ, ಒಂದು ದಿನ ತಡವಾಯಿತು ಅಷ್ಟೆ. ಲೋಲಬೇಗಿಂಳ ಕೋಲು ಎದುರಿನ ಗೋಡೆಯ ಕಲ್ಲುಗಳ ಸಂದಿನಲ್ಲಿ ಅವನೇ ಸಿಕ್ಕಿಸಿಟ್ಟ ಹಾಗೆಯೇ ಇತ್ತು.

"ಇದೇನು ಉಸ್ತೊ?" ಎಂದಳು ಲೋಲಬೇಗಿಂ. ಕೋಪವಿರಲಿಲ್ಲ. ಹೆದರಿದ್ದಳು.

ನಲವತ್ತು ಜನ ಅವನ ಬಾಯಿ ನೋಡುತ್ತಿದ್ದರು. ತಪ್ಪಾಯಿತಕ್ಕ, ಕೋಲು ಅದಲುಬದಲಾಯಿತು ಎನ್ನಲು ಒಂದು ಉಸಿರು ಸಾಕಿತ್ತು. ನಾಲಿಗೆ ಆ ಕಡೆ ಹೊರಳಲೇ ಇಲ್ಲ.

"ಅಯೋಂಬೆಕ್ ಗೆರೆ ಬಿಟ್ಟು ಕೊಯ್ದಿದಾನೆ ಅಕ್ಕ" ಎಂದ.

ಅಯೋಂಬೆಕ್ ಎರಡನೆಯ ಕಂಬದ ಬುಡದಲ್ಲಿ ಹಗ್ಗ ಹಿಡಿದು ನಿಂತಿದ್ದ. ಅವನು ಭಾವನ ಮುಖ ನೋಡಿದ. ನಮ್ಮ ಉಸ್ತೊಗೆ ಆಮೇಲೆ ಜೀವಮಾನವಿಡೀ ನೆನಪಿದ್ದದ್ದು ಆ ನೋಟ. ಅದರಲ್ಲಿ ಬೈಗುಳ ಇರಲಿಲ್ಲ, ಆಶ್ಚರ್ಯವಿತ್ತು. ಆಮೇಲೆ ಅಯೋಂಬೆಕ್ ಕೈಯನ್ನು ಎದೆಗಿಟ್ಟು ಲೋಲಬೇಗಿಂಳ ಕಡೆ ತಿರುಗಿ, "ಹೌದಕ್ಕ, ಕಣ್ ತಪ್ತು. ಕ್ಷಮಿಸಬೇಕು" ಎಂದ.

ಅಷ್ಟರಲ್ಲಿ ಸವ್ರಿ ರೊಟ್ಟಿಯ ಗಂಟು ಹೊತ್ತು ಬಾಗಿಲಿಗೆ ಬಂದಿದ್ದಳು. ಗಂಡನ ಮಾತು ಕೇಳಿತು, ತಮ್ಮನ ಮಾತೂ ಕೇಳಿತು. ಗಂಟು ಕೆಳಗಿಟ್ಟವಳೇ ಶುರು ಮಾಡಿದಳು.

"ಏನೋ, ಹೊಸಾ ಹೆಂಡ್ತಿ ಮುಖ ನೆನೆಸ್ಕೊಂಡು ಗರಗಸ ಎಳೆದ್ಯೇನೋ? ಆ ಮರದ ಬೆಲೆ ಏನು ಅಂತ ಗೊತ್ತೇನೋ ನಿನಗೆ? ಸತ್ತೋರ ಮರ ಅದು. ನಮ್ಮಪ್ಪನ ಮರ್ಯಾದೆ ಕಳೆದ್ಯಲ್ಲೋ."

"ಬಿಡಕ್ಕ" ಎಂದ ಅಯೋಂಬೆಕ್.

"ಏನು ಬಿಡೋದು? ಇವರು ದೇವರಂಥೋರು, ಸುಮ್ನಿದಾರೆ. ಬೇರೆ ಉಸ್ತೊ ಆಗಿದ್ರೆ ಬಾಚಿ ಹಿಡಿ ಮುರಿದು ಬೆನ್ನಿಗೆ ಬಾರಿಸ್ತಿದ್ದ."

ದೇವರಂಥವನು ಆಗ ಬೆನ್ನು ತಿರುಗಿಸಿ, ಚಹಾ ಕಾಯಿಸುತ್ತಿದ್ದ ಒಲೆಯ ಹತ್ತಿರ ಹೋಗಿ, ನಜರ್ಶೊನ ಮೊಳವನ್ನು ಬೆಂಕಿಗೆ ಹಾಕುತ್ತಿದ್ದ. ಹಸಿ ಕೋಲು, ಬೇಗ ಉರಿಯಲಿಲ್ಲ. ಪೂರ್ತಿ ಬೂದಿಯಾಗುವವರೆಗೆ ಕೈ ಕಾಯಿಸಿಕೊಳ್ಳುವ ನೆಪ ಹಾಕಿಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಮಾಡಿದ್ದು ಸಾಲದೆಂದು ಇದೊಂದು.

ಅದಾದ ಮೇಲೆ ಅವನು ಮಾಡಿದ ಕೆಲಸ ಮಾತ್ರ ಕಣ್ಣಿಗೆ ಕಟ್ಟುವಂಥದ್ದು, ಅದನ್ನು ಇಲ್ಲವೆನ್ನಲಾಗದು. ಮನೆಗೆ ಹೋಗಿ, ಮುಂದೆಂದೋ ಸೊಸೆ ಬಂದಾಗ ಪೆಟ್ಟಿಗೆ ಮಾಡಬೇಕೆಂದು ಒಣಗಿಸಿಟ್ಟಿದ್ದ ಜರ್ದಾಳು ದಿಮ್ಮಿ ತಂದ. ಅವತ್ತಿಡೀ ಅನ್ನ ನೀರು ಮುಟ್ಟದೆ ಕೆತ್ತಿದ. ಹೊತ್ತು ಇಳಿಯುವ ಮೊದಲು ಎಂಟು ಜನರಿಂದ ಕಂಬವನ್ನು ನಿಂತ ಹಾಗೆಯೇ ಎತ್ತಿಸಿ, ಓರೆಯಾಗದ ಹಾಗೆ ಹಗ್ಗ ಬಿಗಿಸಿ, ಕೆಳಗೆ ಪಾದವನ್ನು ಜಾರಿಸಿ ಸೇರಿಸಿದ. ಕಂಬ ಮಲಗಲಿಲ್ಲ, ಗೋಧಿ ಚೆದುರಲಿಲ್ಲ, ಎತ್ತರ ಎರಡನೆಯದಕ್ಕೆ ಸರಿಸಮ ಬಂತು. ಜನ ಉಸಿರು ಬಿಟ್ಟರು. ಲೋಲಬೇಗಿಂ ಅತ್ತುಬಿಟ್ಟಳು. ಸತ್ತ ಗಂಡನ ಹೊಸ ಚಪಾನ್ ಒಂದು ಉಳಿದಿತ್ತು, ಆ ನಿಲುವಂಗಿಯನ್ನು ತಂದು ಯೋರ್ಮಮದನ ಹೆಗಲಿಗೆ ಹೊದಿಸಿದಳು. ಅವನು ಅದನ್ನು ಕೆಳಗೆ ಹಾಕಲಿಲ್ಲ. ಹೊದ್ದುಕೊಂಡೇ ಮನೆಗೆ ಹೋದ.

ಅಯೋಂಬೆಕನಿಗೆ ಸಿಕ್ಕಿದ್ದು ಒಂದು ಅಡ್ಡಹೆಸರು. ಗೇಣುನುಂಗ. ನಮ್ಮ ಕಣಿವೆಯಲ್ಲಿ ಅಡ್ಡಹೆಸರು ಅಂಟಿದರೆ ಬಿಸಿನೀರಿಗೂ ಹೋಗುವುದಿಲ್ಲ. ಮದುವೆಯೂಟಕ್ಕೆ ಕೂತರೆ, "ಗೇಣುನುಂಗನಿಗೆ ರೊಟ್ಟಿ ಅಳೆದು ಹಾಕ್ರಪ್ಪ" ಎಂದು ಯಾರೋ ಹೇಳುವರು, ಎಲ್ಲರೂ ನಗುವರು, ಅವನೂ ನಗುವನು. ಕೆಟ್ಟ ಜನರಲ್ಲ, ಆದರೆ ಕಂಬಕ್ಕೆ ಅವನ ಗರಗಸ ಬೇಡ ಎಂದುಬಿಟ್ಟರು. ಅವನು ಬೇಸಾಯದ ಸಂಘದ ಕುರಿ ಮೇಯಿಸಲು ಬೆಟ್ಟಕ್ಕೆ ಹೋದ. ಹಿಮ ಕರಗಿದಾಗ ಹತ್ತಿದರೆ ಗೋಧಿ ಕೊಯ್ಲು ಮುಗಿದಾಗ ಇಳಿಯುವನು. ಮೇಲೆ ಕೂತು ಚಮಚ, ಬಟ್ಟಲು ಕೆತ್ತಿ ಊರ ಹೆಂಗಸರಿಗೆ ಹಂಚುತ್ತಿದ್ದ. ಆ ಚಮಚ ಕೈಗೆತ್ತಿಕೊಂಡರೆ ಸಾಕು, ಇವನು ಎಂಥ ಕೆಲಸಗಾರ ಎಂದು ಗೊತ್ತಾಗಬೇಕಿತ್ತು. ಯಾರಿಗೂ ಗೊತ್ತಾಗಲಿಲ್ಲ, ಸಾರು ಕುಡಿದು ತೊಳೆದಿಟ್ಟರು.

ಯೋರ್ಮಮದ್ ಒಂದು ಲೆಕ್ಕ ಹಾಕಿದ್ದ: ಜನ ಮರೆಯುತ್ತಾರೆ, ತಾನೂ ಮರೆಯುತ್ತೇನೆ. ಅದಕ್ಕೆ ಕಲ್ಲು ಹಾಕಿದವನು ನಜರ್ಶೊ. ವಿಧವೆಯ ಮನೆಯ ಕಂಬ ನೋಡಲು ಕುದುರೆ ಹತ್ತಿ ಬಂದ, ಪಾದದ ಸುತ್ತ ಮೂರು ಸುತ್ತು ಹಾಕಿದ.

"ನನ್ನ ಮನೆಗೂ ಇಂಥದ್ದೇ ಹಾಕು. ಹೆಂಗಸಿನ ಮನೇಲಿ ಇರೋದು ಮುಖಂಡನ ಮನೇಲಿ ಇಲ್ಲ ಅಂದ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ?"

"ಅದು ತಪ್ಪು ಮುಚ್ಚೋಕೆ ಹಾಕಿದ್ದು ಸಾಹೇಬ್ರೆ."

"ನಿನ್ನ ಭಾವಮೈದ ಕೆಡಿಸದೆ ಇದ್ದಿದ್ರೆ ನಿನಗೆ ಇದು ಹೊಳೀತಾನೇ ಇರ್ಲಿಲ್ಲ ಅನ್ನು. ಅವನಿಗೊಂದು ಟೋಪಿ ಇನಾಮು ಕೊಡ್ಬೇಕು" ಎಂದು ನಜರ್ಶೊ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಅಳತೆಕೋಲು ಎಲ್ಲಿ ಎಂದು ಕೇಳಿದ. ಕಳೆದುಹೋಯಿತು ಎಂದ ಯೋರ್ಮಮದ್. ಮುಖಂಡ ಗೊಣಗಿಕೊಂಡು ತೋಳು ಚಾಚಿ ಇನ್ನೊಮ್ಮೆ ಅಳೆಸಿಕೊಂಡ.

ಹಾಗೆ ಶುರುವಾಯಿತು. ನಜರ್ಶೊನಿಗೆ ಹಾಕಿದ ಮೇಲೆ ಅವನ ಬೀಗರಿಗೆ ಬೇಡವೇ? ಬೀಗರಿಗೆ ಆದ ಮೇಲೆ ಮಾಸ್ತರರಿಗೆ. ಪ್ರತಿಯೊಂದು ಹೊಸ ಮನೆಯಲ್ಲೂ ಯೋರ್ಮಮದ್ ಒಳ್ಳೆಯ ಕಂಬವನ್ನು ಬೇಕೆಂದೇ ಒಂದು ಗೇಣು ಗಿಡ್ಡ ಕತ್ತರಿಸಿ, ಕೆಳಗೆ ಪಾದ ಇಟ್ಟ. ಗರಗಸ ಎಳೆಯುವಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ಕಳ್ಳನಿಗೆ ಊರೇ ಸೇರಿ ಕದ್ದ ಮಾಲನ್ನೇ ಹಾರ ಮಾಡಿ ಹಾಕಿದ ಹಾಗಿತ್ತು ಅವನ ಸ್ಥಿತಿ.

ಐದನೆಯ ವರ್ಷ ಅಯೋಂಬೆಕ್ ಬೆಟ್ಟದಿಂದ ಇಳಿದವನು ನೇರ ಅಕ್ಕನ ಮನೆಗೆ ಬಂದ. ಸವ್ರಿ ಒಳಗೆ ಹಿಟ್ಟು ನಾದುತ್ತಿದ್ದಳು. ಹೊರಗೆ ಯೋರ್ಮಮದ್ ಜಂತೆ ಸಿಗಿಯುತ್ತಿದ್ದ.

"ಭಾವ, ಗರಗಸ ಮುಟ್ಟಿ ಐದು ವರ್ಷ ಆಯ್ತು. ಜಂತೆ ಕೊಯ್ಯೋಕಾದ್ರೂ ಬರ್ಲಾ? ಕಂಬ ಮುಟ್ಟಲ್ಲ."

ಕಾಲಬುಡದಲ್ಲಿ ಬಂದು ನಿಂತ ಅವಕಾಶ ಅದು. ಯೋರ್ಮಮದ್ ಬಾಚಿಯ ಬಾಯಿ ಸವರಿದ.

"ಜನ ಒಪ್ಪಲ್ಲ ಕಣೋ."

"ನೀವು ಒಂದು ಮಾತು ಹೇಳಿದ್ರೆ ಒಪ್ತಾರೆ."

"ನೋಡೋಣ."

ಅಯೋಂಬೆಕ್ ಕೆಳಗೆ ಬಿದ್ದಿದ್ದ ಒಂದು ಚಕ್ಕೆ ಎತ್ತಿ ಮೂಸಿ ನೋಡಿದ, ಹಾಗೇ ಕೆಳಗಿಟ್ಟ. ಒಳಗೆ ಹೋಗಿ ಅಕ್ಕನ ಹತ್ತಿರ ಉಪ್ಪುಚಹಾ ಕುಡಿದು, ಎಂದಿನಂತೆ ಬೈಸಿಕೊಂಡು ಹೋದ. ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಯೋರ್ಮಮದ್ ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡ. ಅದೂ ನಿಜವಲ್ಲ ಎಂದು ಅವನಿಗೇ ಗೊತ್ತಿತ್ತು.

ಎಷ್ಟೋ ವರ್ಷದ ಮೇಲೆ ಒಂದು ವಸಂತದ ಹಬ್ಬದಲ್ಲಿ ನಿಜ ಹೇಳಲು ಪ್ರಯತ್ನ ಪಟ್ಟ. ಮನೆ ಗುಡಿಸಿ, ಮಸಿ ತೊಳೆದು, ಕಂಬಗಳ ಮೇಲೆ ಹಿಟ್ಟಿನ ಕೈ ಒತ್ತುವ ದಿನ. ಲೋಲಬೇಗಿಂ ಪ್ರತಿವರ್ಷ ತನ್ನ ಮನೆಯ ಪಾದದ ಮೇಲೆ ಮೊದಲ ಕೈಗುರುತು ಒತ್ತಲು ಉಸ್ತೊನನ್ನೇ ಕರೆಸುತ್ತಿದ್ದಳು. ಅವಳ ಹಲ್ಲು ಬಿದ್ದು, ಬೆನ್ನು ಬಾಗಿ, ಆ ಎತ್ತರ ಎಲ್ಲಿ ಹೋಯಿತೋ ಅನ್ನುವ ವಯಸ್ಸು ಆಗಲೇ. ಯೋರ್ಮಮದ್ ಹಿಟ್ಟಿನ ಕೈ ಹಿಡಿದು ನಿಂತು, "ಅಕ್ಕ, ಒಂದು ಮಾತು ಹೇಳ್ಬೇಕಿತ್ತು" ಎಂದ.

"ಹೇಳು ಉಸ್ತೊ."

ಅವನು ಹಿಟ್ಟಿನ ಕೈಯನ್ನು ಪಾದದ ಮೇಲೆ ಒತ್ತಿದ.

"ಚಹಾಕ್ಕೆ ಬೆಣ್ಣೆ ಸ್ವಲ್ಪ ಜಾಸ್ತಿ ಹಾಕು" ಎಂದ.

ಅವಳು ಒಂದು ಮುದ್ದೆ ಬೆಣ್ಣೆ ಹಾಕಿದಳು. ಅದನ್ನು ಕುಡಿಯಲಾರದೆ ಕುಡಿದ. ಆ ಚಳಿಗಾಲ ಲೋಲಬೇಗಿಂ ತೀರಿಕೊಂಡಳು. ಕೇಳಬೇಕಾದ ಒಬ್ಬಳು ಕೇಳದೆಯೇ ಹೋದಳು.

ಹೀಗೆ ಮೂವತ್ತೊಂದು ವರ್ಷ. ಬೇಸಾಯದ ಸಂಘ ಮುರಿಯಿತು, ನಜರ್ಶೊ ಮಣ್ಣು ಸೇರಿದ, ಧರ್ಮದ ಮೇಲಿದ್ದ ಸರಕಾರದ ಕಟ್ಟು ಸಡಿಲಿ ಕಂಬಗಳ ಹೆಸರನ್ನು ಸಭೆಯಲ್ಲೂ ಗಟ್ಟಿಯಾಗಿ ಹೇಳುವ ಕಾಲ ಬಂತು. ಅಯೋಂಬೆಕನ ಕೊನೆಯ ಮಗ ಸಬ್ಜಲಿಗೆ ಹೆಣ್ಣು ಗೊತ್ತಾಯಿತು. ಹಳೆಯ ಮನೆ ಅಣ್ಣಂದಿರಿಗೇ ಸಾಲದು, ಹೊಸದು ಕಟ್ಟಬೇಕು. ಅಯೋಂಬೆಕ್ ರೊಟ್ಟಿ, ಒಣಹಿಪ್ಪುನೇರಳೆ ಕಟ್ಟಿಕೊಂಡು ಪದ್ಧತಿಯಂತೆ ಕರೆಯಲು ಭಾವನ ಮನೆಗೆ ಬಂದ. ಯೋರ್ಮಮದನಿಗೆ ಆಗ ಅರವತ್ತು ದಾಟಿತ್ತು, ಮಂಡಿ ಹಿಡಿದುಕೊಂಡಿತ್ತು.

ಅಳತೆಗೆ ಅಯೋಂಬೆಕ್ ತೋಳು ಚಾಚಿದ. ಒಣಗಿದ ಕೈ, ಚರ್ಮದ ಕೆಳಗೆ ನರಗಳು ಹಗ್ಗದ ಹಾಗೆ. ಯೋರ್ಮಮದ್ ಕೋಲು ಇಟ್ಟು ಕತ್ತರಿಸಿದ. ಬೇರೆ ಯಾವ ಮನೆಯೂ ಕೈಯಲ್ಲಿಲ್ಲದಿದ್ದರೂ ಕೋಲಿಗೆ ಮೂರು ಕಚ್ಚು ಹಾಕಿದ. ಅಯೋಂಬೆಕ್ ಅದನ್ನು ನೋಡಿದ. ಹೊರಡುವಾಗ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಭಾವ, ಪಾದ ಹಾಕ್ತೀರಲ್ವಾ? ಬೀಗರು ಹೇಳಿ ಕಳಿಸಿದಾರೆ. ಹುಡುಗಿಗೂ ಆಸೆಯಂತೆ."

ಇದನ್ನು ಕೇಳಿಸಿಕೊಂಡು ಯೋರ್ಮಮದ್ ಜಗಲಿಯ ಮೇಲೆ ಕೂತುಬಿಟ್ಟ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದ. ಇವನ ಹೆಸರು ಕೆಡಿಸಿದ ದಿಮ್ಮಿಯನ್ನು ಇವನ ಮನೆಯಲ್ಲೇ, ಇವನ ಬಾಯಿಂದಲೇ ಕೇಳಿಸಿಕೊಂಡು ಇಡಬೇಕು. ಅಷ್ಟು ದಪ್ಪ ಚರ್ಮ ತನಗೂ ಇಲ್ಲ ಎಂದು ಅವನಿಗೆ ಅವತ್ತು ತಿಳಿಯಿತು. ಇಲ್ಲ, ಈ ಕಂಬ ಪೂರ್ತಿ ಉದ್ದಕ್ಕೆ ನಿಲ್ಲಬೇಕು, ಯಾಕೆ ನಿಂತಿತು ಎಂದು ಎಲ್ಲರಿಗೂ ಹೇಳಬೇಕು, ಅಯೋಂಬೆಕ್ ಕೈಯಿಂದಲೇ ನಿಲ್ಲಿಸಬೇಕು ಎಂದು ನಿಶ್ಚಯ ಮಾಡಿದ. ಸವ್ರಿಗೆ ಮೊದಲೇ ಹೇಳಬಹುದಿತ್ತು. ಅಲ್ಲಿಗೆ ಮಾತ್ರ ಧೈರ್ಯ ಸಾಲಲಿಲ್ಲ.

ಕಂಬ ನಿಲ್ಲಿಸುವ ದಿನ ಬೆಳಗ್ಗೆ ಊರು ಮತ್ತೆ ಸೇರಿತು. ಗೋಡೆಗಳು ಎದ್ದಿದ್ದವು, ಮೇಲೆ ಬರೀ ಆಕಾಶ. ಹೆಂಗಸರು ಒಂದು ಕಡೆ ದೊಡ್ಡ ಪಾತ್ರೆಯಲ್ಲಿ ಗೋಧಿಗಂಜಿ ಕಾಯಿಸುತ್ತಿದ್ದರು. ಹುಡುಗಿಯ ಅಪ್ಪ ಬುರ್ಹೋನ್ ಕೆಳಗಿನ ಊರಿನಿಂದ ಬಂದು ಕಲ್ಲಿನ ಹತ್ತಿರ ನಿಂತಿದ್ದ. ದನಿ ಎತ್ತರದ ಮನುಷ್ಯ, ನಜರ್ಶೊನ ಅಳಿಯ.

"ಉಸ್ತೊ, ಪಾದ ಎಲ್ಲಿ? ಕಾಣಿಸ್ತಾ ಇಲ್ಲ."

"ಪಾದ ಇಲ್ಲ" ಎಂದ ಯೋರ್ಮಮದ್.

"ಇಲ್ಲ ಅಂದ್ರೆ? ಎಲ್ಲರ ಮನೇಲೂ ಹಾಕಿ ನನ್ನ ಮಗಳ ಮನೇಲಿ ಇಲ್ಲ ಅಂದ್ರೆ?"

ಯೋರ್ಮಮದ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಎಲ್ಲರೂ ಸ್ವಲ್ಪ ಕೇಳಿ. ಲೋಲಬೇಗಿಂ ಅಕ್ಕನ ಕಂಬ ಕೆಡಿಸಿದೋನು ಅಯೋಂಬೆಕ್ ಅಲ್ಲ. ನಾನು. ನಜರ್ಶೊನ ಕೋಲಲ್ಲಿ ಅವಳ ಮರ ಅಳೆದೆ. ಗೆರೆ ನಾನು ತಪ್ಪಾಗಿ ಎಳೆದೆ, ಇವನು ಸರಿಯಾಗೇ ಕೊಯ್ದ. ಸುಳ್ಳು ಹೇಳಿ ಇವನ ತಲೆಗೆ ಕಟ್ಟಿದೆ. ಕೋಲನ್ನ ನಾನೇ ಒಲೆಗೆ ಹಾಕಿದೆ. ಮೂವತ್ತೊಂದು ವರ್ಷ ಸುಮ್ನಿದ್ದೆ. ಇವನು ಗೇಣುನುಂಗ ಅಲ್ಲ. ಆ ಹೆಸರು ನಂದು."

ಗಂಜಿ ತಿರುವುವ ಸದ್ದು ನಿಂತಿತು. ಹೇಳಿ ಮುಗಿಸಿದ ಮೇಲೆ ಯಾರಾದರೂ ಮುಖಕ್ಕೆ ಉಗಿಯುತ್ತಾರೆ ಎಂದು ಅವನು ಕಾದು ನಿಂತ. ಉಗಿದಿದ್ದರೆ ಹಗುರವಾಗುತ್ತಿತ್ತು.

ಮೊದಲು ಮಾತಾಡಿದವನು ಬುರ್ಹೋನ್. ಅವನ ಕಣ್ಣಲ್ಲಿ ನೀರಿತ್ತು.

"ನೋಡ್ರಪ್ಪ, ಮನುಷ್ಯ ಅಂದ್ರೆ ಹೀಗಿರ್ಬೇಕು. ಬೀಗರ ಮುಂದೆ ಭಾವಮೈದನ ಮರ್ಯಾದೆ ಉಳಿಸೋಕೆ ತಪ್ಪನ್ನ ತನ್ನ ಮೈಮೇಲೆ ಎಳ್ಕೊಂಡ."

"ಅಲ್ಲಪ್ಪ, ನಾನು ಹೇಳ್ತಿರೋದು ನಿಜ."

"ನಿಜವೇ ಉಸ್ತೊ, ನಿಜವೇ" ಎಂದು ಖಲೀಫ ಅವನ ಭುಜ ಸವರಿದ. ಮಗುವನ್ನು ಸಮಾಧಾನ ಮಾಡುವ ದನಿ ಅದು. ಹಿಂದಿನಿಂದ ಯಾರೋ, "ನಲವತ್ತು ಜನರ ಮುಂದೆ ಅಯೋಂಬೆಕನೇ ಒಪ್ಕೊಂಡಿದ್ದ, ನಾನೂ ಇದ್ನಲ್ಲ ಅವತ್ತು" ಎಂದರು. ಇನ್ನೊಬ್ಬರು, "ಇಂಥಾ ಭಾವ ಎಲ್ಲಿ ಸಿಕ್ತಾನೆ" ಎಂದರು. ಮುದುಕರು ಒಬ್ಬೊಬ್ಬರಾಗಿ ಬಂದು ಯೋರ್ಮಮದನ ಕೈಗೆ ಮುತ್ತಿಟ್ಟು ಹೋದರು. ಅವನು ಕೈ ಎಳೆದುಕೊಂಡಷ್ಟೂ ಅವರು ಗಟ್ಟಿಯಾಗಿ ಹಿಡಿದರು. ಕೊನೆಗೂ ಬಾಯಿಗೆ ಬಂದ ಸತ್ಯ ಅವನ ಹೆಸರಿಗೇ ಇನ್ನೊಂದು ಗರಿ ಸಿಕ್ಕಿಸಿ ಕೂತಿತು.

ನಂಬಿದವಳು ಒಬ್ಬಳೇ, ಸವ್ರಿ. ಮೂವತ್ತೈದು ವರ್ಷ ಒಂದೇ ಸೂರಿನಡಿ ಬದುಕಿದವಳು, ಗಂಡನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಸೌಟು ಹಿಡಿದವಳು ಹಾಗೇ ಎದ್ದು ಬಂದು ಅವನ ಎದುರು ನಿಂತಳು. ಇನ್ಯಾರಿಗೂ ಕೇಳದಷ್ಟು ಮೆತ್ತಗೆ ಮಾತಾಡಿದಳು.

"ನನ್ನ ಬಾಯಿಂದ ಬೈಸಿದ್ರಲ್ಲ. ಇಷ್ಟು ವರ್ಷ. ಪ್ರತಿ ಹಬ್ಬಕ್ಕೂ. ನೀವು ಪಕ್ಕದಲ್ಲೇ ಕೂತು ಕೇಳ್ಕೊಂಡು ಚಹಾ ಕುಡಿದ್ರಲ್ಲ."

"ಹೌದು" ಎಂದ ಯೋರ್ಮಮದ್.

ಅವಳು ಇನ್ನೇನೂ ಹೇಳದೆ ತಮ್ಮನ ಹತ್ತಿರ ಹೋದಳು. ಏನು ಹೇಳಬೇಕೋ ತೋಚದೆ ಅವನ ಅಂಗಿಯ ಮೇಲಿದ್ದ ಮಣ್ಣನ್ನು ಕೊಡವತೊಡಗಿದಳು. ಮಣ್ಣು ಹೋದ ಮೇಲೂ ಕೊಡವುತ್ತಲೇ ಇದ್ದಳು. ಅಯೋಂಬೆಕ್ ಅವಳ ಕೈ ಹಿಡಿದು, "ಸಾಕಕ್ಕ, ಗಂಜಿ ತಳ ಹಿಡಿಯುತ್ತೆ ನೋಡು" ಎಂದ.

ಯೋರ್ಮಮದ್ ಹತ್ತಿರ ಬಂದ. "ನೀನಾದ್ರೂ ಹೇಳೋ" ಎಂದ. "ನಿಜ ಅಂತ ಒಂದು ಮಾತು ಹೇಳು ಇವರಿಗೆ."

ಅಯೋಂಬೆಕ್ ಮೊದಲ ಸಲ ನಗದೆ ಮಾತಾಡಿದ.

"ಅವತ್ತು ನೀವು ಅಳೀವಾಗ ಕೋಲು ಗಿಡ್ಡ ಇದೆ ಅಂತ ನನಗೆ ಅನ್ನಿಸಿತ್ತು ಭಾವ. ಲೋಲಬೇಗಿಂ ಅಕ್ಕನ ತೋಳು ಇನ್ನೂ ಉದ್ದ ಅಲ್ವಾ ಅಂತ ಬಾಯಿಗೆ ಬಂದಿತ್ತು. ಉಸ್ತೊ ಅಳೆದ ಮೇಲೆ ನಾನ್ಯಾರು ಅಂತ ನುಂಗಿಕೊಂಡೆ. ಹಾಗಾಗಿ ನಂದೂ ಪಾಲು ಇದೆ ಅಂತ ಸಮಾಧಾನ ಮಾಡ್ಕೊಂಡು ಬದುಕಿದೆ. ಇವತ್ತು ನೀವು ತಪ್ಪು ಪೂರ್ತಿ ನಂದೇ ಅಂತ ತಗೊಂಡ್ರೆ ನಾನು ಇಷ್ಟು ವರ್ಷ ಸುಮ್ನೆ ಯಾಕೆ ಬೆಟ್ಟದಲ್ಲಿದ್ದೆ ಅಂತ ಕೇಳ್ಕೊಳ್ಬೇಕಾಗುತ್ತೆ. ಈ ವಯಸ್ಸಲ್ಲಿ ಅದು ಬೇಡ."

ಯೋರ್ಮಮದ್ ನಡುಪಟ್ಟಿಯಿಂದ ತನ್ನ ಬಾಚಿ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅಯೋಂಬೆಕನ ಮುಂದೆ ಚಾಚಿದ. ಉಸ್ತೊ ಬಾಚಿ ಕೊಟ್ಟರೆ ಆ ಮನೆಯ ಕೆಲಸ ಅದನ್ನು ತೆಗೆದುಕೊಂಡವನದು, ಕಂಬಕ್ಕೆ ಮೊದಲು ಕೈ ಹಾಕುವವನು ಅವನು. ಬುರ್ಹೋನ್ ಕಲ್ಲಿನ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟ, ಕಂಬವನ್ನು ಕಾಯುವವನ ಹಾಗೆ. ಭಾವ ತಪ್ಪನ್ನು ಮೈಮೇಲೆ ಎಳೆದುಕೊಂಡದ್ದಕ್ಕೆ ಅತ್ತ ಮನುಷ್ಯನೇ ಅವನು.

ಅಯೋಂಬೆಕ್ ಅದನ್ನು ನೋಡಿದ. ಬಾಚಿಯ ಹಿಡಿಯ ಮೇಲೆ ಒಮ್ಮೆ ಬೆರಳಾಡಿಸಿದ. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡ ಭಾವ. ನಾಳೆ ಈ ಮನೇಲಿ ಮಗುಗೆ ಜ್ವರ ಬಂದ್ರೂ, ಗೇಣುನುಂಗ ಮುಟ್ಟಿದ ಕಂಬ ಅಂತ ಸೊಸೆಗೆ ಭಯ ಆಗುತ್ತೆ. ಅವಳು ನೆಮ್ಮದಿಯಾಗಿ ಇರ್ಲಿ. ನೀವೇ ನಿಲ್ಲಿಸಿ."

ಯಾರೂ ಇಲ್ಲ ಎನ್ನಲಿಲ್ಲ. ಯೋರ್ಮಮದ್ ಪೂರ್ತಿ ಉದ್ದದ ಆ ಕಂಬಕ್ಕೆ ಕೈ ಹಾಕಿದ, ಎಂಟು ಜನ ಎತ್ತಿದರು. ಅಯೋಂಬೆಕ್ ಬಾಗಿಲ ಹೊರಗೆ, ಹೆಂಗಸರ ಹಿಂದೆ ನಿಂತು ತನ್ನ ಮಗನ ಮನೆಯ ಕಂಬ ಏಳುವುದನ್ನು ನೋಡಿದ.